ಬೆನ್ನು ಜೀವದ ಕಡೆಗೆ

ತಾಳಗುಪ್ಪದಿಂದ ಮೈಸೂರಿಗೆ ಹೋಗುವ ಹಗಲಿನ ರೈಲು. ಎದುರಿನ ಸೀಟಿನಲ್ಲಿ ವಯಸ್ಸಾದ ದಂಪತಿ ಕೂತಿದ್ದರು. ಶಿವಮೊಗ್ಗದಲ್ಲಿ ಕೊಂಡ ಪೇರಲೆಹಣ್ಣು ಆ ಅಮ್ಮನ ಕೈಯಲ್ಲಿತ್ತು. ಯಜಮಾನರಿಗೆ ಹಲ್ಲಿಲ್ಲ. ಅಮ್ಮ ಹಣ್ಣನ್ನು ಕಿಟಕಿಯ ಸರಳಿಗೆ ಒತ್ತಿ ಒಡೆಯಲು ನೋಡಿದರು, ಅದು ಜಗ್ಗಲಿಲ್ಲ. ನಾನು ಬ್ಯಾಗಿನಿಂದ ಮಡಚುವ ಚಾಕು ತೆಗೆದೆ. ಉಗುರು ಸಿಗಿಸಿ ಅಲಗು ಬಿಚ್ಚಿದ ಕೂಡಲೇ ಪಕ್ಕದಲ್ಲಿದ್ದ ಹುಡುಗ ಒಂದು ಗೇಣು ಆಚೆ ಸರಿದ. ಹಣ್ಣನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಕಾಗದದ ಮೇಲಿಟ್ಟೆ. ಅಲಗು ಒರೆಸಿ ಮಡಚುವಾಗ ಹುಡುಗ ಮೆಲ್ಲಗೆ ಕೇಳಿದ.

"ಅಕ್ಕಾ, ಸೇಫ್ಟಿಗೆ ಅಂತ ಇಟ್ಕೊಂಡಿದೀರಾ?"

"ಇಲ್ಲಪ್ಪಾ, ಹಣ್ಣಿಗೆ ಅಂತ."

ಬೀರೂರು ಬರುವಷ್ಟರಲ್ಲಿ ಅದೇ ಚಾಕು ಒಂದು ಮಗುವಿನ ಫ್ರಾಕಿನಿಂದ ಜೋತಾಡುತ್ತಿದ್ದ ದಾರ ಕತ್ತರಿಸಿತು, ಯಾರದೋ ರಟ್ಟಿನ ಪೆಟ್ಟಿಗೆಯ ಪ್ಲಾಸ್ಟಿಕ್ ಪಟ್ಟಿ ಬಿಡಿಸಿತು, ಸೌತೆಕಾಯಿ ಹೆಚ್ಚಿತು. ಅರಸೀಕೆರೆಯಲ್ಲಿ ಆ ಹುಡುಗನೇ ತನ್ನ ಹೊಸ ಇಯರ್‌ಫೋನಿನ ಪೊಟ್ಟಣ ಮುಂದೆ ಮಾಡಿ, "ಅಕ್ಕಾ, ಒಂಚೂರು ಚಾಕು ಕೊಡ್ತೀರಾ?" ಎಂದ.

ಅವನು ಮೊದಲು ಹೆದರಿದ್ದು ತಪ್ಪಲ್ಲ. ನಾವು ದಿನವೂ ಓದುವ ಪತ್ರಿಕೆಯಲ್ಲಿ ಚಾಕು ಎಂಬ ಮಾತು ಒಂಟಿಯಾಗಿ ಬರುವುದೇ ಅಪರೂಪ. ಅದರ ಬೆನ್ನಿಗೇ 'ಇರಿತ' ಇರುತ್ತದೆ, ಇಲ್ಲವೇ 'ತೋರಿಸಿ ಸುಲಿಗೆ' ಇರುತ್ತದೆ. ಊರಿನ ಸಾವಿರಾರು ಮನೆಗಳಲ್ಲಿ ಅದೇ ಹೊತ್ತಿಗೆ ಮಾವಿನಕಾಯಿ ಹೆಚ್ಚಿದ, ಕಟ್ಟು ಬಿಚ್ಚಿದ, ಪೆನ್ಸಿಲ್ ಚೂಪು ಮಾಡಿದ ಚಾಕುವಿನ ಸುದ್ದಿ ಯಾವ ವರದಿಗಾರರಿಗೂ ಸಿಗುವುದಿಲ್ಲ. ಹಾಗಾಗಿ ಮನುಷ್ಯನ ಕೈಗೆ ಬಂದ ತೀರಾ ಹಳೆಯ ಉಪಕರಣವೊಂದು ನಮ್ಮ ಮನಸ್ಸಿನಲ್ಲಿ ಬರೀ ಅಪರಾಧದ ಸಾಮಾನಾಗಿ ಉಳಿದುಬಿಟ್ಟಿದೆ. ಇವತ್ತು ಅದರ ಒಳ್ಳೆಯ ಹೆಸರನ್ನು ಅದಕ್ಕೆ ಹಿಂದಿರುಗಿಸಬೇಕೆನಿಸಿದೆ.

ಚಾಕು ಎಂದರೇನು ಎಂದು ನಾನು ಕಲಿತದ್ದು ಕೊಟ್ಟಿಗೆಯಲ್ಲಿ. ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಮಳೆಗಾಲದ ಒಂದು ಬೆಳಗ್ಗೆ ಕರುವೊಂದು ಕಟ್ಟಿದ ಹಗ್ಗದಲ್ಲೇ ಸುತ್ತು ಸುತ್ತಿ, ಕಾಲು ಜಾರಿ ಬಿದ್ದು, ಕುಣಿಕೆ ಕುತ್ತಿಗೆಗೆ ಬಿಗಿದುಕೊಂಡಿತ್ತು. ಕಣ್ಣು ಮೇಲೆ ಮಾಡಿ ಗೊರಗೊರ ಎನ್ನುತ್ತಿತ್ತು. ಅಮ್ಮ ಗಂಟು ಬಿಚ್ಚಲು ಒದ್ದಾಡುತ್ತಿದ್ದಳು. ನೆನೆದ ಹಗ್ಗ, ಮೇಲೆ ಕರುವಿನ ಭಾರ, ಗಂಟು ಕಲ್ಲಾಗಿತ್ತು. ಅಜ್ಜ ಓಡಿ ಬಂದರು. ಗೋಡೆಗೆ ಸಿಕ್ಕಿಸಿದ್ದ ದೊಡ್ಡ ಕತ್ತಿ ಕೈಗೆಟುಕುವಂತಿದ್ದರೂ ಅವರು ಅದನ್ನು ಮುಟ್ಟಲಿಲ್ಲ. ಕವಳದ ಸಂಚಿಗೆ ಕೈಹಾಕಿ, ಅಡಿಕೆ ಕೆರೆಯುವ ಪುಟ್ಟ ಮಡಚುವ ಚಾಕು ತೆಗೆದರು. ಎಡಗೈಯ ಎರಡು ಬೆರಳನ್ನು ಹಗ್ಗಕ್ಕೂ ಕುತ್ತಿಗೆಗೂ ನಡುವೆ ತೂರಿಸಿದರು. ಆ ಬೆರಳುಗಳ ಮೇಲೆ ಅಲಗನ್ನು ಮಲಗಿಸಿ ಒಳಗೆ ಸರಿಸಿ, ಹೊರಗಡೆಗೆ ತಿರುಗಿಸಿ ಎಳೆದರು. ಒಂದು ಎಳೆ, ಎರಡು ಎಳೆ, ಆಮೇಲೆ ಇಡೀ ಹಗ್ಗ ಪಟ್ಟನೆ ಬಿಟ್ಟುಕೊಂಡಿತು. ಕರು ಒಮ್ಮೆ ಕೆಮ್ಮಿ ಉಸಿರೆಳೆದುಕೊಂಡಿತು.

ಆಮೇಲೆ, ಜಗಲಿಯಲ್ಲಿ ಕೂತು ಚಾಕುವನ್ನು ಪಂಚೆಯ ಅಂಚಿಗೆ ಒರೆಸುತ್ತಾ ಅಜ್ಜ ಹೇಳಿದ್ದು ಒಂದೇ ಮಾತು. "ಕೂಸೇ, ನೋಡಿದ್ಯಾ? ಬೆನ್ನು ಜೀವದ ಕಡೆಗಿರಬೇಕು. ಬಾಯಿ ಹಗ್ಗದ ಕಡೆಗೆ."

ಅಲಗಿಗೆ ಒಂದು ಬೆನ್ನು, ಒಂದು ಬಾಯಿ. ದಪ್ಪಗಿರುವ ಕಡೆ ಬೆನ್ನು, ಹರಿತವಿರುವ ಕಡೆ ಬಾಯಿ. ಚಾಕು ಬಳಸುವುದೆಂದರೆ ಯಾವುದನ್ನು ಯಾರ ಕಡೆಗೆ ತಿರುಗಿಸಬೇಕೆಂದು ಪ್ರತಿ ಸಲವೂ ತೀರ್ಮಾನಿಸುವುದು. ಚಾಕು ಆರಿಸುವುದು, ಮಸೆಯುವುದು, ಜೊತೆಗಿಟ್ಟುಕೊಳ್ಳುವುದು, ಇನ್ನೊಬ್ಬರಿಗೆ ಕೊಡುವುದು, ಎಲ್ಲವೂ ಆ ಒಂದು ಮಾತಿನ ವಿಸ್ತರಣೆ ಎಂದು ಇಷ್ಟು ವರ್ಷ ಅದನ್ನು ಬಳಸಿದ ಮೇಲೆ ನನಗೆ ಅನಿಸುತ್ತದೆ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ನಮ್ಮಲ್ಲೊಂದು ಗಾದೆಯಿದೆ. ಬದುಕಿನ ಬಹುಪಾಲು ಕೆಲಸ ಉಗುರಿಗೆ ಸ್ವಲ್ಪ ದೊಡ್ಡದು, ಕೊಡಲಿಗೆ ತೀರಾ ಚಿಕ್ಕದು. ಕಿಸೆಯ ಚಾಕು ಇರುವುದು ಆ ನಡುವಿನ ಜಾಗಕ್ಕೆ. ಆದ್ದರಿಂದ ಕೊಳ್ಳುವ ಮೊದಲು ಅಂಗಡಿಯ ಗಾಜಿನ ಪೆಟ್ಟಿಗೆ ನೋಡಬೇಡಿ, ನಿಮ್ಮ ಕಳೆದ ವಾರವನ್ನು ನೋಡಿ. ಏಳು ದಿನದಲ್ಲಿ ಏನೇನು ಕತ್ತರಿಸಬೇಕಾಯಿತು? ಕೊರಿಯರ್ ಪೊಟ್ಟಣದ ಟೇಪು, ಅಕ್ಕಿ ಚೀಲದ ಬಾಯಿಯ ಹೊಲಿಗೆ, ಹೂಮಾಲೆಯ ನಾರು, ಮಗುವಿಗೆ ಸೇಬು, ಗಿಡಕ್ಕೆ ಕಟ್ಟಿದ ಹುರಿ. ಇವಿಷ್ಟಕ್ಕೂ ಮೂರು ಅಂಗುಲದೊಳಗಿನ ಅಲಗು ಧಾರಾಳವಾಗಿ ಸಾಕು. ಇದಕ್ಕಿಂತ ದೊಡ್ಡದನ್ನು ಕೊಂಡವರು ಅದನ್ನು ಕಪಾಟಿನಲ್ಲಿಟ್ಟು ಹೊರಡುತ್ತಾರೆ. ಮನೆಯಲ್ಲಿ ಉಳಿದ ದೊಡ್ಡ ಚಾಕುವಿಗಿಂತ ಕಿಸೆಯಲ್ಲಿರುವ ಚಿಕ್ಕ ಚಾಕುವೇ ಹರಿತ.

ಬೇರೆ ಬೇರೆ ದೇಶದವರೂ ಹೆಚ್ಚುಕಡಿಮೆ ಇದೇ ಅಳತೆಗೆ ಬಂದು ನಿಂತಿದ್ದಾರೆ. ಫ್ರಾನ್ಸಿನ ಆಲ್ಪ್ಸ್ ತಪ್ಪಲಿನ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬ ಕೆಲಸಗಾರ 1890ರಲ್ಲಿ ರೈತರಿಗಾಗಿ ಒಂದು ಚಾಕು ಮಾಡಿದ. ಸೀಳು ಹಾಕಿದ ಮರದ ಹಿಡಿ, ಅದರೊಳಗೆ ಮಡಚಿ ಕೂರುವ ಅಲಗು, ಅಷ್ಟೇ. ಇವತ್ತಿಗೂ ಅದರ ಮೂಲರೂಪ ಹೆಚ್ಚು ಬದಲಾಗಿಲ್ಲ. ಹೆಚ್ಚು ಜನ ಬಳಸುವ ಎಂಟನೆಯ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್. 1955ರಲ್ಲಿ ಅದಕ್ಕೊಂದು ಲೋಹದ ಬಳೆ ಸೇರಿತು. ಬಳೆಯನ್ನು ತಿರುಗಿಸಿದರೆ ಬಿಚ್ಚಿದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1884ರಲ್ಲಿ ಸಣ್ಣ ಕಾರ್ಖಾನೆ ತೆರೆದು, 1891ರಲ್ಲಿ ತನ್ನ ದೇಶದ ಸೈನಿಕರಿಗೆ ಚಾಕು ಮಾಡಿಕೊಟ್ಟ. ಅದು ಹೊಡೆದಾಟದ ಆಯುಧವಾಗಿರಲಿಲ್ಲ. ಡಬ್ಬಿಯ ಊಟ ತೆರೆಯುವುದಕ್ಕೆ, ಬಂದೂಕಿನ ತಿರುಪು ಬಿಚ್ಚುವುದಕ್ಕೆ ಕೊಟ್ಟದ್ದು. ಆತನ ತಾಯಿಯ ಹೆಸರು ವಿಕ್ಟೋರಿಯಾ. ಆಕೆ 1909ರಲ್ಲಿ ತೀರಿಕೊಂಡ ಮೇಲೆ ಮಗ ಆ ಹೆಸರನ್ನೇ ತನ್ನ ಚಾಕುಗಳಿಗಿಟ್ಟ. ತುಕ್ಕು ಹಿಡಿಯದ ಉಕ್ಕು ಬಂದಾಗ ಅದರ ಫ್ರೆಂಚ್ ಹೆಸರಿನ 'ಇನಾಕ್ಸ್' ಸೇರಿ 1921ರಲ್ಲಿ ವಿಕ್ಟೋರಿನಾಕ್ಸ್ ಆಯಿತು. ಸೈನ್ಯಕ್ಕೆಂದು ಹುಟ್ಟಿದ ಸಾಮಾನೊಂದಕ್ಕೆ ತಾಯಿಯ ಹೆಸರು ಅಂಟಿಕೊಂಡು ಉಳಿದಿದೆ.

ಹೊರಗಿನವರ ಕಥೆ ಹೇಳುವಾಗ ನಮ್ಮ ಮಣ್ಣಿನದೊಂದನ್ನು ಮರೆಯಬಾರದು. ದಕ್ಷಿಣ ಭಾರತದ ಕುಲುಮೆಗಳಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣ ಮತ್ತು ಸೌದೆ ಚೂರು ಮುಚ್ಚಿಟ್ಟು ಕಾಯಿಸಿ ಉಕ್ಕು ತೆಗೆಯುತ್ತಿದ್ದರು. 1800ರ ಸುಮಾರಿಗೆ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಅಂಥ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅದಕ್ಕೂ ಮೊದಲೇ ಈ ಉಕ್ಕಿನ ಗಟ್ಟಿಗಳು ಮುಂಬಯಿಯಿಂದ ಲಂಡನ್ನಿಗೆ ಹೋಗಿದ್ದವು. ಅಲ್ಲಿಯ ರಾಯಲ್ ಸೊಸೈಟಿಯಲ್ಲಿ 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಇದರ ಬಗ್ಗೆ ಪ್ರಬಂಧ ಓದಿದ. ಲೋಹದ ಹೆಸರನ್ನು ಅವರು 'ವೂಟ್ಸ್' ಎಂದು ಬರೆದುಕೊಂಡರು. ಅದು ನಮ್ಮ 'ಉಕ್ಕು' ಎಂಬ ಮಾತೇ ಬಾಯಿಂದ ಬಾಯಿಗೆ ಬದಲಾಗಿ ಹೋದದ್ದು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಪರೀಕ್ಷೆಗೆಂದು ಸ್ಟೋಡಾರ್ಟ್ ಎಂಬ ಚಾಕು ಮಾಡುವವನು ಆ ಉಕ್ಕಿನಿಂದ ಏನು ಮಾಡಿದ ಗೊತ್ತೇ? ಖಡ್ಗವಲ್ಲ. ಗರಿ ಲೇಖನಿಯ ತುದಿ ಕೆತ್ತುವ ಪುಟ್ಟ ಚಾಕು. ಅದು ಅವರಲ್ಲಿಯ ಉತ್ತಮ ಉಕ್ಕಿಗೆ ಸರಿಸಮನಾಗಿ ಕೊಯ್ದಿತು. ಉಕ್ಕಿನ ಯೋಗ್ಯತೆ ತಿಳಿಯಬೇಕಾದರೆ ಅದರ ಅತಿ ಸಣ್ಣ, ಅತಿ ನಯದ ಕೆಲಸವನ್ನು ನೋಡಬೇಕು ಎಂಬುದು ಆ ಕಸುಬುದಾರನಿಗೆ ಗೊತ್ತಿತ್ತು.

ಈಗ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯೂ ಉಕ್ಕಿನದೇ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬೇಕೋ, ಹಳೆಯ ಕಾರ್ಬನ್ ಉಕ್ಕು ಬೇಕೋ? ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಬೆರೆತಿರುತ್ತದೆ. ಹಣ್ಣಿನ ರಸ, ಬೆವರು, ಮಲೆನಾಡಿನ ಮಳೆ, ಕರಾವಳಿಯ ಉಪ್ಪುಗಾಳಿ ಎಲ್ಲವನ್ನೂ ತಡೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಒರೆಸಲು ಮರೆತುಹೋಗುವವರಿಗೆ ಅದೇ ಸರಿ. ಕಾರ್ಬನ್ ಉಕ್ಕು ಮನೆಯ ಹಿರಿಯರಿದ್ದ ಹಾಗೆ, ನೋಡಿಕೊಂಡರೆ ಜೀವಮಾನವಿಡೀ ಜೊತೆಗಿರುತ್ತದೆ, ಅಲಕ್ಷ್ಯ ಮಾಡಿದರೆ ಒಂದೇ ಮಳೆಗಾಲಕ್ಕೆ ಕೆಂಪಾಗುತ್ತದೆ. ಸಾಣೆಕಲ್ಲಿಗೆ ಮಾತ್ರ ಬೇಗ ಒಲಿಯುತ್ತದೆ. ಅಜ್ಜನ ಚಾಕು ಕಾರ್ಬನ್ ಉಕ್ಕಿನದು, ಶಿರಸಿ ಮಾರಿಜಾತ್ರೆಯಲ್ಲಿ ಕೊಂಡದ್ದು, ಹಿತ್ತಾಳೆಯ ಹಿಡಿ. ಅಡಿಕೆಯ ಚೊಗರು ಕಬ್ಬಿಣಕ್ಕೆ ತಗಲಿದರೆ ಕಪ್ಪಾಗುತ್ತದಲ್ಲ, ಹಾಗೆ ವರ್ಷಗಟ್ಟಲೆ ಅಡಿಕೆ ಕೆರೆದು ಅದರ ಅಲಗು ಮಳೆಮೋಡದ ಬಣ್ಣಕ್ಕೆ ತಿರುಗಿತ್ತು. ಬಾಯಿಯ ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಬೆಳ್ಳಿಗೆರೆ. ಆ ಕಪ್ಪು ಕೊಳೆಯಲ್ಲ. ತೆಳುವಾಗಿ ಕೂತ ಆ ಪದರ ಕೆಂಪು ತುಕ್ಕನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ.

ಇನ್ನು ಹಿಡಿ. ಅಂದಕ್ಕಿಂತ ಮೊದಲು ಒದ್ದೆ ಕೈಯಲ್ಲಿ ಜಾರದೆ ಕೂರುತ್ತದೆಯೇ ನೋಡಿ. ಕೀಲು ಅಲುಗಾಡಬಾರದು. ಬಿಚ್ಚಿದ ಅಲಗಿನ ಬೆನ್ನಿಗೆ ಬೆರಳು ಒತ್ತಿದಾಗ ತಟ್ಟನೆ ಮಡಚಿಕೊಳ್ಳುವ ಚಾಕು ಹಣ್ಣಿಗೆ ಆದೀತು, ಹಗ್ಗಕ್ಕೆ ಬೇಡ. ಗುಂಡಿ ಒತ್ತಿದೊಡನೆ ಚಿಮ್ಮುವ ಬಟನ್ ಚಾಕು ಮಾತ್ರ ನಿಮಗೆ ಬೇಡವೇ ಬೇಡ. ಹಣ್ಣು ಓಡಿಹೋಗುವುದಿಲ್ಲ, ಕಟ್ಟಿದ ಹುರಿಗೂ ಅವಸರವಿಲ್ಲ. ಎರಡು ಕೈ ಬಳಸಿ, ಉಗುರು ಸಿಗಿಸಿ, ನಿಧಾನವಾಗಿ ಬಿಚ್ಚಬೇಕಾದ ಚಾಕು ನಮಗೆ ಒಂದು ಉಸಿರಿನಷ್ಟು ಯೋಚಿಸುವ ಹೊತ್ತು ಕೊಡುತ್ತದೆ. ಆ ಹೊತ್ತು ಅಮೂಲ್ಯ.

ರೈಲಿನ ಹುಡುಗ ಕೇಳಿದ ಪ್ರಶ್ನೆಗೆ ಇಲ್ಲಿಯೇ ಪೂರ್ತಿ ಉತ್ತರ ಹೇಳಬೇಕು. ರಾತ್ರಿ ಪಾಳಿಯಿಂದ ಮನೆಗೆ ಬರುವ ಹೆಣ್ಣುಮಕ್ಕಳಿಗೆ "ಬ್ಯಾಗಿನಲ್ಲೊಂದು ಚಾಕು ಇಟ್ಟುಕೋ" ಎಂದು ಹೇಳುವವರಿದ್ದಾರೆ. ಅವರ ಕಾಳಜಿ ನಿಜ, ಸಲಹೆ ಮಾತ್ರ ಅಪಾಯದ್ದು. ಅಭ್ಯಾಸವಿಲ್ಲದ ಕೈಯ ಚಾಕು ಎಳೆದಾಟದಲ್ಲಿ ಎದುರಿನವನ ಕೈಸೇರುವುದಕ್ಕೆ ಕ್ಷಣ ಸಾಕು. ಭಯದಿಂದ ಇಟ್ಟುಕೊಂಡ ಚಾಕುವಿನ ಬಾಯಿ ಯಾವಾಗಲೂ ಮನುಷ್ಯರ ಕಡೆಗೇ ತಿರುಗಿರುತ್ತದೆ. ಕೂಗುವುದು, ಓಡುವುದು, ಬೆಳಕಿರುವ ಕಡೆ ಸೇರುವುದು, 112ಕ್ಕೆ ಕರೆ ಮಾಡುವುದು, ಇವು ರಕ್ಷಣೆಯ ದಾರಿಗಳು. ಚಾಕು ಇರಬೇಕಾದದ್ದು ಕೆಲಸಕ್ಕೆ. ಯಾವ ಕೆಲಸಕ್ಕೆ ಎಂದು ಹೇಳಲು ಬಾಯಿ ತಡವರಿಸಿದರೆ ಅಂದು ಅದನ್ನು ಮನೆಯಲ್ಲೇ ಬಿಡುವುದು ಮೇಲು.

ಚಾಕುವಿನ ಕೆಲಸವೆಂದರೆ ಕತ್ತರಿಸುವುದಷ್ಟೇ ಅಲ್ಲ, ಅದು ಕೂಡಿಸುವ ಕೆಲಸವನ್ನೂ ಮಾಡುತ್ತದೆ. ನಮ್ಮೂರ ಕಡೆ ಅಪ್ಪೆಮಿಡಿ ಮಾವಿನ ಕಸಿ ಕಟ್ಟುವವರ ಬಳಿ ಕೂತು ನೋಡಬೇಕು. ಅವರ ಕಿಸೆಯಲ್ಲಿರುವುದೂ ಮಡಚುವ ಚಾಕುವೇ. ಓಟೆಯಿಂದ ಬೆಳೆಸಿದ ಎಳೆಯ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಒಂದೂವರೆ ಅಂಗುಲದಷ್ಟು ಸೀಳುತ್ತಾರೆ. ಒಳ್ಳೆಯ ಜಾತಿಯ ಮರದಿಂದ ತಂದ ಕುಡಿಯ ಬುಡವನ್ನು ಎರಡು ಬದಿಯಿಂದ ಬೆಣೆಯ ಹಾಗೆ ಚೂಪು ಮಾಡುತ್ತಾರೆ. ಒಂದು ಬದಿಗೆ ಒಂದೇ ಎಳೆತ. ಎರಡನೆಯ ಸಲ ಕೆತ್ತಿದರೆ ಗಾಯದ ಮೈ ಏರುತಗ್ಗಾಗಿ ಕೂಡಿಕೊಳ್ಳುವುದಿಲ್ಲ. ಬೆಣೆಯನ್ನು ಸೀಳಿನಲ್ಲಿ ಕೂರಿಸಿ, ತೊಗಟೆಗೆ ತೊಗಟೆ ಹೊಂದಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ಕೆಲವು ವಾರಕ್ಕೆ ಎರಡು ಗಿಡ ಒಂದಾಗಿ ಕೆಂಪು ಚಿಗುರು ಬಿಡುತ್ತದೆ. ಮೊಂಡು ಚಾಕುವಿನಲ್ಲಿ ಈ ಕೆಲಸ ಸಾಧ್ಯವಿಲ್ಲ. ಮೊಂಡು ಅಲಗು ಜಜ್ಜುತ್ತದೆ, ಜಜ್ಜಿದ್ದು ಕೊಳೆಯುತ್ತದೆ. ಹರಿತವಾದದ್ದು ಮಾಡಿದ ಗಾಯ ಮಾತ್ರ ಬೇಗ ಮಾಯುತ್ತದೆ.

ಅಡುಗೆಮನೆಯಲ್ಲೂ ಇದೇ ಕಥೆ. ನನ್ನ ಎಡಗೈ ತೋರುಬೆರಳಿನಲ್ಲಿ ಒಂದು ಗಾಯದ ಗುರುತಿದೆ. ಅದನ್ನು ಮಾಡಿದ್ದು ಹರಿತ ಚಾಕುವಲ್ಲ, ತಿಂಗಳುಗಟ್ಟಲೆ ಮಸೆಯದ ಮೊಂಡು ಚಾಕು. ಹರಿತವಿಲ್ಲದ ಕಡೆ ನಾವು ಬಲ ಹಾಕುತ್ತೇವೆ. ಬಲ ಹಾಕಿದ ಅಲಗು ಕುಂಬಳಕಾಯಿಯ ಸಿಪ್ಪೆಯ ಮೇಲೆ ಜಾರುತ್ತದೆ, ಜಾರಿದ್ದು ಬೆರಳಿಗೆ ಬರುತ್ತದೆ. ಅಂದಿನಿಂದ ಮಸೆಯುವುದನ್ನು ನಾನು ತಪ್ಪಿಸಿಲ್ಲ.

ಅದು ಕಷ್ಟದ ವಿದ್ಯೆಯಲ್ಲ. ಒಂದು ಬದಿ ಒರಟು, ಇನ್ನೊಂದು ಬದಿ ನಯವಿರುವ ಸಾಣೆಕಲ್ಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕಲ್ಲನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲಿಡಿ. ಬಟ್ಟೆಯಿದ್ದರೆ ಕಲ್ಲು ಸರಿಯುವುದಿಲ್ಲ. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ಬಾಗಿಸಿ, ಅದರಲ್ಲೂ ಅರ್ಧಕ್ಕೆ ಬಾಗಿಸಿ. ಅಲ್ಲಿಗೆ ಸುಮಾರು ಇಪ್ಪತ್ತು ಡಿಗ್ರಿ ಬರುತ್ತದೆ, ದಿನಬಳಕೆಗೆ ಅದು ಸರಿಯಾದ ಓರೆ. ಆ ಓರೆ ಬಿಡದಂತೆ, ಕಲ್ಲಿನಿಂದ ತೆಳುವಾದ ಒಂದು ಪದರ ಕೆರೆದು ತೆಗೆಯುವವರ ಹಾಗೆ ಹಿಡಿಯ ಕಡೆಯಿಂದ ತುದಿಯವರೆಗೆ ಎಳೆಯಿರಿ. ಸರ್ ಸರ್ ಎಂಬ ಸದ್ದು ಒಂದೇ ಸಮನೆ ಬಂದರೆ ಕೈ ಹದಕ್ಕೆ ಬಂದಿದೆ ಎಂದರ್ಥ. ಒಂದು ಬದಿ ಸಾಕಷ್ಟು ಮಸೆದಾಗ ಇನ್ನೊಂದು ಬದಿಯ ಅಂಚಿಗೆ ಸಣ್ಣದೊಂದು ತರಿ ಎದ್ದು ಬೆರಳಿಗೆ ತಡೆಯುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಅಡ್ಡ ಸವರಿ ನೋಡಿ, ಬಾಯಿಯುದ್ದಕ್ಕೆ ಎಂದೂ ಬೇಡ. ಆಮೇಲೆ ಇನ್ನೊಂದು ಬದಿ. ಕೊನೆಗೆ ನಯದ ಕಲ್ಲಿನ ಮೇಲೆ ಭಾರ ಹಾಕದೆ ನಾಲ್ಕೈದು ಸಲ. ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ಹಿಂದಕ್ಕೆ ಹಿಂದಕ್ಕೆ ಎಳೆದರೆ ಉಳಿದ ತರಿಯೂ ಹೋಗುತ್ತದೆ. ತೊಳೆದು, ಒರೆಸಿ, ಕೀಲಿಗೊಂದು ಹನಿ ಕೊಬ್ಬರಿ ಎಣ್ಣೆ. ತಿಂಗಳಿಗೊಮ್ಮೆ ಕಾಲು ಗಂಟೆಯ ಕೆಲಸ.

ಆ ಕಾಲು ಗಂಟೆ ನನಗೆ ಜಪದ ಹಾಗೆ. ಓರೆ ತಪ್ಪಬಾರದು ಎನ್ನುವುದೊಂದೇ ಗಮನ. ಸಿಟ್ಟಿನಲ್ಲಿ ಮಸೆದರೆ ಓರೆ ಕೆಡುತ್ತದೆ, ಅವಸರದಲ್ಲಿ ಮಸೆದರೆ ತುದಿ ದುಂಡಾಗುತ್ತದೆ. ಕೈ ಶಾಂತವಾಗಿದ್ದರೆ ಮಾತ್ರ ಉಕ್ಕು ಹರಿತವಾಗುತ್ತದೆ. ಸಿಟ್ಟು ಬಂದಾಗ "ಕತ್ತಿ ಮಸೆಯುತ್ತಿದ್ದಾನೆ" ಎನ್ನುವುದು ನಮ್ಮ ರೂಢಿ. ಒಮ್ಮೆ ನಿಜವಾಗಿ ಮಸೆದು ನೋಡಿದವರಿಗೆ ಗೊತ್ತು, ಹಗೆಯಿಟ್ಟುಕೊಂಡು ಚೆನ್ನಾಗಿ ಮಸೆಯಲಾಗದು.

ಜೊತೆಗಿಟ್ಟುಕೊಳ್ಳುವುದಕ್ಕೂ ಒಂದು ನಡತೆಯಿದೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿರುವ ಚಾಕು, ಕತ್ತಿಗಳನ್ನು ಶಸ್ತ್ರದ ಸಾಲಿಗೆ ಸೇರಿಸುತ್ತವೆ. ಮನೆಗೆ, ಬೇಸಾಯಕ್ಕೆ, ವಿಜ್ಞಾನಕ್ಕೆ, ಕೈಗಾರಿಕೆಗೆಂದೇ ಮಾಡಿದವು ಅದರಿಂದ ಹೊರಗೆ. ಹಾಗೆಂದು ಮೂರು ಅಂಗುಲದ ಚಾಕುವಿಗೆ ಎಲ್ಲ ಬಾಗಿಲೂ ತೆರೆದಿರುವುದಿಲ್ಲ. ವಿಮಾನದ ಕೈಚೀಲದಲ್ಲಿ ಅದು ಸಲ್ಲದು, ಒಳಗೆ ಹಾಕಿ ಕಳಿಸುವ ಪೆಟ್ಟಿಗೆಯಲ್ಲಿಡಬೇಕು. ಶಾಲೆ, ನ್ಯಾಯಾಲಯ, ಸಭೆ, ಮೆರವಣಿಗೆ, ನಿಷೇಧಾಜ್ಞೆ ಇರುವ ಬೀದಿ, ಇಲ್ಲೆಲ್ಲ ಬೇಡ. ಹೊರದೇಶಕ್ಕೆ ಓದಲು ಹೋಗುವ ನಮ್ಮ ಮಕ್ಕಳು ಆಯಾ ದೇಶದ ಕಾನೂನು ತಿಳಿದುಕೊಂಡೇ ಹೊರಡಬೇಕು. ಇಂಗ್ಲೆಂಡಿನಲ್ಲಿ ತಕ್ಕ ಕಾರಣವಿಲ್ಲದೆ ಬೀದಿಯಲ್ಲಿ ಇಟ್ಟುಕೊಳ್ಳಬಹುದಾದದ್ದು 3 ಅಂಗುಲ ಮೀರದ, ಬಿಚ್ಚಿದಾಗ ಬಿಗಿದು ನಿಲ್ಲದ ಮಡಚುವ ಚಾಕು ಮಾತ್ರ. ಕೆಲಸಕ್ಕೆ ನಾವು ಮೆಚ್ಚುವ ಬಿಗಿಯುವ ಕೀಲೇ ಅಲ್ಲಿ ಅಪರಾಧವಾದೀತು. ಕಾನೂನನ್ನು ಗೌರವಿಸುವುದೂ ಬೆನ್ನನ್ನು ಜನರ ಕಡೆಗಿಡುವ ಒಂದು ಬಗೆಯೇ.

ನಮ್ಮ ಹಿರಿಯರಿಗೆ ಕೈಯಿಂದ ಕೈಗೆ ಚಾಕು ಕೊಡುವ ಪದ್ಧತಿಯಿರಲಿಲ್ಲ. "ಕೈಗೆ ಕೊಟ್ಟರೆ ಜಗಳ ಬರುತ್ತದೆ, ಕೆಳಗಿಡು, ತಗೊಳ್ತೇನೆ" ಎನ್ನುತ್ತಿದ್ದರು. ನಾನು ಚಿಕ್ಕವಳಿದ್ದಾಗ ಇದೇನು ಮೂಢನಂಬಿಕೆ ಅಂದುಕೊಂಡಿದ್ದೆ. ಈಗ ಅದರ ವಿವೇಕ ಕಾಣುತ್ತದೆ. ಕೊಡುವ ಕೈಗೂ ತೆಗೆದುಕೊಳ್ಳುವ ಕೈಗೂ ನಡುವೆ ನೆಲವೋ ಮಣೆಯೋ ಬಂದರೆ ಯಾರ ಬೆರಳೂ ಕೊಯ್ಯುವುದಿಲ್ಲ. ರೈಲಿನಲ್ಲಿ ಆ ಹುಡುಗ ಚಾಕು ಕೇಳಿದಾಗ ಮಡಚಿ, ಸೀಟಿನ ಮೇಲಿಟ್ಟು, ಅವನ ಕಡೆಗೆ ಸರಿಸಿದೆ. ಕೆಲಸ ಮುಗಿದ ಮೇಲೆ ಅವನೂ ಮಡಚಿ, ಅದೇ ಜಾಗದಲ್ಲಿಟ್ಟ. ಯಾರೂ ಹೇಳಿಕೊಡದೆ ಕಲಿತ.

ಮಕ್ಕಳಿಗೆ ಕಲಿಸುವುದನ್ನು ನಾವು ಬಿಟ್ಟುಬಿಟ್ಟಿದ್ದೇವೆ ಎಂಬುದೇ ನನ್ನ ನಿಜವಾದ ಚಿಂತೆ. ಜಪಾನಿನಲ್ಲಿ ಹಿಗೊನೊಕಾಮಿ ಎಂಬ ಮಡಚುವ ಚಾಕು ಇದೆ. ಅಗ್ಗದ್ದು, ಸರಳವಾದದ್ದು. ಒಂದು ಕಾಲಕ್ಕೆ ಅಲ್ಲಿಯ ಶಾಲಾ ಮಕ್ಕಳ ಬಳಿ ಪೆನ್ಸಿಲ್ ಕೆತ್ತಲು ಅದು ಇದ್ದೇ ಇರುತ್ತಿತ್ತು. 1960ರಲ್ಲಿ ಹದಿನೇಳರ ಹುಡುಗನೊಬ್ಬ ಅಸಾನುಮಾ ಇನೆಜಿರೊ ಎಂಬ ರಾಜಕೀಯ ನಾಯಕನನ್ನು ವೇದಿಕೆಯ ಮೇಲೆಯೇ ಇರಿದು ಕೊಂದ. ಅವನು ಬಳಸಿದ್ದು ಕಿಸೆಯ ಚಾಕುವಲ್ಲ, ಕತ್ತಿ. ಆದರೂ ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳವಳಿ ದೇಶದ ತುಂಬ ಹಬ್ಬಿ, ಪೆನ್ಸಿಲ್ ಚಾಕು ಶಾಲೆಯಿಂದ ಮರೆಯಾಗುತ್ತ ಬಂತು. ಭಯ ಅರ್ಥವಾಗುವಂಥದ್ದೇ. ನಮ್ಮಲ್ಲೂ ಅರ್ಧ ಬ್ಲೇಡಿನಲ್ಲಿ ಪೆನ್ಸಿಲ್ ಚೂಪು ಮಾಡುತ್ತಿದ್ದ ತಲೆಮಾರಿತ್ತು, ಆ ಬ್ಲೇಡು ಹೋದದ್ದೇ ಒಳ್ಳೆಯದಾಯಿತು. ಶಾಲೆಯ ಚೀಲದಲ್ಲಿ ಚಾಕು ಇರಬೇಕೆಂದು ನಾನೂ ಹೇಳಲಾರೆ. ಆದರೆ ಮನೆಯಲ್ಲಿ, ಹಿರಿಯರ ಪಕ್ಕದಲ್ಲಿ ಕೂತು, ಒಂದು ಬಾಳೆಹಣ್ಣನ್ನಾದರೂ ಕೊಯ್ದು ಕಲಿಯದ ಮಗು ಹರಿತವಾದದ್ದನ್ನು ಮೊದಲು ಕಾಣುವುದು ಎಲ್ಲಿ? ಸಿನಿಮಾದಲ್ಲಿ, ನಾಯಕನ ಕೈಯಲ್ಲಿ, ರಕ್ತದ ಜೊತೆಗೆ. ಬೆನ್ನು ಯಾವ ಕಡೆಗಿರಬೇಕು ಎಂದು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಮಣೆಯ ಮೇಲೆ ಕತ್ತಿ, ಗುದ್ದಲಿ, ಮೆಟ್ಟುಗತ್ತಿ, ಅಡಕತ್ತರಿ ಸಾಲಾಗಿ ಕೂರುತ್ತವೆ. ತುದಿಯಲ್ಲಿ ಅಜ್ಜನ ಚಾಕು, ಈಗ ನನ್ನದು, ಮಡಚಿದ ಹಾಗೆಯೇ ಕುಂಕುಮ ಹಚ್ಚಿಸಿಕೊಂಡು ಕೂರುತ್ತದೆ. ಅಂದು ಅದಕ್ಕೆ ಕೆಲಸವಿಲ್ಲ. ವರ್ಷವಿಡೀ ದುಡಿದ ಸಾಮಾನಿಗೆ ಒಂದು ದಿನ ಕೈಮುಗಿದು ವಿಶ್ರಾಂತಿ ಕೊಡುವ ಜನ ನಾವು. ಹಬ್ಬ ಮುಗಿದು ವಾರವಾದರೂ ಅದರ ಕೀಲಿನ ಸಂದಿಯಲ್ಲಿ ಕುಂಕುಮದ ಕೆಂಪು ಉಳಿದಿರುತ್ತದೆ. ಹಣ್ಣು ಕೊಯ್ಯಲು ಬಿಚ್ಚಿದಾಗ ಆ ಕೆಂಪು ಕಣ್ಣಿಗೆ ಬೀಳುತ್ತದೆ, ಕೈ ತಾನಾಗಿ ನಿಧಾನವಾಗುತ್ತದೆ.

ಮಸೆದ ಚಾಕು ಹರಿತವಾಯಿತೋ ಇಲ್ಲವೋ ಎಂದು ನೋಡಲು ಬೆರಳು ಬೇಡ, ಹಳೆಯ ಪತ್ರಿಕೆಯ ಒಂದು ಹಾಳೆ ಸಾಕು. ಹಾಳೆಯ ಮೇಲಂಚನ್ನು ಎರಡು ಬೆರಳಲ್ಲಿ ಹಿಡಿದು ಗಾಳಿಯಲ್ಲಿ ತೂಗುಬಿಡಿ, ಅಲಗನ್ನು ಅಂಚಿಗಿಟ್ಟು ಒತ್ತದೆ ಎಳೆಯಿರಿ. ಮೊಂಡಾಗಿದ್ದರೆ ಕಾಗದ ಹರಿದು ಪಿಂಜುತ್ತದೆ. ಹರಿತವಾಗಿದ್ದರೆ ಸದ್ದಿಲ್ಲದೆ ನೇರವಾಗಿ ಬಿಡುತ್ತದೆ. ಇವತ್ತು ಮನೆಯಲ್ಲಿ ಮೂಲೆಗೆ ಬಿದ್ದ ಚಾಕುವೊಂದಿದ್ದರೆ ಹೊರಗೆ ತೆಗೆಯಿರಿ. ಮನೆಯ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಸೆಯಿರಿ. ಇದನ್ನು ಓದಿ ಮುಗಿಸಿದ ಮೇಲೆ ಇದೇ ಹಾಳೆಯ ಮೇಲೆ ಪರೀಕ್ಷಿಸಿ ನೋಡಿ. ಆಮೇಲೆ ಅದರಲ್ಲೊಂದು ಹಣ್ಣು ಕೊಯ್ದು, ಮೊದಲ ಹೋಳನ್ನು ಮಗುವಿಗೆ ಕೊಡಿ. ಕೊಡುವಾಗ ಅಲಗಿನ ಬೆನ್ನು ಮಗುವಿನ ಕಡೆಗಿರಲಿ.